ಮನೆಗೊಂದು ಕೊಂಬಿನ ಸ್ಪೀಕರ್

ಹಾರ್ನ್ ಸ್ಪೀಕರ್ ಎಂದ ಕೂಡಲೇ ಮಂಗಳೂರಿನವರ ಕಣ್ಣ ಮುಂದೆ ಬರುವುದು ತೆಂಗಿನಮರಕ್ಕೆ ಹಗ್ಗದಲ್ಲಿ ಬಿಗಿದ ಅಲ್ಯೂಮಿನಿಯಂ ಕೊಂಬು. ನೇಮದ ಗದ್ದೆ, ಕಂಬಳದ ಕರೆಯ ಬದಿ, ದೇವಸ್ಥಾನದ ಜಾತ್ರೆ, ಚುನಾವಣೆ ಬಂದರೆ ರಿಕ್ಷಾದ ನೆತ್ತಿ, ಎಲ್ಲ ಕಡೆಯೂ ಅದೇ. ಹಾಗಾಗಿ ಬೆಜೈಯಲ್ಲಿ ಫ್ಲ್ಯಾಟ್ ಕೊಂಡು ಹಾಲಿಗೆ ಒಳ್ಳೆಯದೊಂದು ಸಂಗೀತದ ಸೆಟ್ ಬೇಕೆಂದು ಹುಡುಕುತ್ತಿದ್ದ ಸ್ನೇಹಿತರಿಗೆ ನಾನು “ಹಾರ್ನ್ ತೆಗೆದುಕೊಳ್ಳಿ” ಎಂದಾಗ ಅವರು ಹೌಹಾರಿದರು. “ಎಂಥ ಮಾರಾಯ್ರೆ, ಅದನ್ನು ಮನೆಯೊಳಗೆ ಇಟ್ಟರೆ ಕಿವಿ ಉಳಿಯುವುದುಂಟಾ?” ಎಂದರು.

ಉಳಿಯುತ್ತದೆ. ಉಳಿಯುವುದು ಮಾತ್ರವಲ್ಲ, ರಾತ್ರಿ ಊಟ ಮುಗಿಸಿ, ಮಕ್ಕಳು ಮಲಗಿದ ಮೇಲೆ, ಪಕ್ಕದ ಮನೆಗೆ ಕೇಳದ ಹಾಗೆ ಮೆಲ್ಲಗೆ ಒಂದು ರಾಗ ಕೇಳುವ ಆಸೆ ಇರುವವರಿಗೆ ಹಾರ್ನಿನಷ್ಟು ಹಿತವಾದ ಸ್ಪೀಕರ್ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಕೂಗುವುದಕ್ಕೆಂದು ಹುಟ್ಟಿದ ಈ ಉಪಕರಣ ಪಿಸುಮಾತಿಗೆ ಹೇಗೆ ಒದಗುತ್ತದೆ ಎಂಬುದೇ ಇದರ ಸ್ವಾರಸ್ಯ.

ಮೊದಲು ಮರದ ಮೇಲಿನ ಕೊಂಬಿನ ಮೇಲಿರುವ ಅಪವಾದವನ್ನು ತೊಡೆಯಬೇಕು. ಅದು ಮಾತಿಗಾಗಿ ಮಾಡಿದ್ದು. ಮನುಷ್ಯನ ಮಾತು ಅರ್ಥವಾಗಲು ಬೇಕಾದ ಮಧ್ಯದ ಸ್ವರಗಳನ್ನಷ್ಟೇ ಅದು ಹೊರಡಿಸುತ್ತದೆ. ಕೆಳಗಿನ ಮಂದ್ರವೂ ಇಲ್ಲ, ಮೇಲಿನ ನವಿರೂ ಇಲ್ಲ. ಮಳೆಗೆ ನೆನೆಯದಿರಲೆಂದು, ಉದ್ದ ಕಡಿಮೆಯಾಗಲೆಂದು ಕೊಳವೆಯನ್ನು ಒಳಗೊಳಗೇ ಮಡಚಿರುತ್ತಾರೆ. ಸಾಲದ್ದಕ್ಕೆ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದರೆ ಸ್ವರದ ತಲೆ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಆದರೂ ಮೂರು ಗದ್ದೆ ಆಚೆಗೆ ಕಂಬಳದ ಕೋಣಗಳ ಯಜಮಾನರ ಹೆಸರು ಸ್ಪಷ್ಟವಾಗಿ ಕೇಳುತ್ತದಲ್ಲ, ಅದಕ್ಕಾಗಿಯೇ ಅದನ್ನು ಮಾಡಿದ್ದು. ಆ ಕೆಲಸವನ್ನು ಅಷ್ಟು ಕಡಿಮೆ ಕರೆಂಟಿನಲ್ಲಿ ಮಾಡುವ ಬೇರೆ ಸಾಧನ ಇವತ್ತಿಗೂ ಬಂದಿಲ್ಲ.

ಕೊಂಬಿನ ಗುಟ್ಟು ನಮ್ಮ ಊರಿಗೆ ಹೊಸದೂ ಅಲ್ಲ. ನೇಮಕ್ಕೆ ಕೊಂಬು ಊದುವವರು, ದೇವಸ್ಥಾನದಲ್ಲಿ ನಾಗಸ್ವರ ನುಡಿಸುವವರು ಅದನ್ನು ತಲೆಮಾರುಗಳಿಂದ ಬಲ್ಲರು. ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮರುಳಾದರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಯಲ್ಲಿ ನುಡಿಸಿದರು. ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಹೋದದ್ದು ದೊಡ್ಡ ಜಿಗಿತದಂತೆ ಕಾಣುತ್ತದೆ. ಕೊಳವೆಯ ಲೆಕ್ಕದಲ್ಲಿ ನೋಡಿದರೆ ಅವೆರಡೂ ಹತ್ತಿರದ ಸಂಬಂಧಿಗಳು. ಎರಡರಲ್ಲೂ ಬಾಯಲ್ಲೊಂದು ಸಣ್ಣ ಪೀಪಿ, ಅಲ್ಲಿಂದ ಬರಬರುತ್ತಾ ಅಗಲವಾಗುವ ಕೊಳವೆ, ಕೊನೆಗೆ ಅರಳಿದ ಬಾಯಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಸರಿಯಾಗಿ ನೂರು ವರ್ಷದ ನಂತರ, 1946ರಲ್ಲಿ, ಅಮೆರಿಕದ ಆರ್ಕನ್ಸಾಸ್ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಪಾಲ್ ಕ್ಲಿಪ್ಷ್ ಎಂಬಾತ ಮನೆಗೆಂದೇ ಹಾರ್ನ್ ಸ್ಪೀಕರ್ ಮಾಡುವ ಕಂಪನಿ ಶುರು ಮಾಡಿದ. ಇಸವಿಗಳು ಕೂಡಿಬಂದದ್ದು ಆಕಸ್ಮಿಕವಿರಬಹುದು, ನನಗೆ ಮಾತ್ರ ಅದು ಇಷ್ಟ.

ಅಗಲವಾಗುತ್ತಾ ಹೋಗುವ ಕೊಳವೆ ಏನು ಮಾಡುತ್ತದೆ? ನೇತ್ರಾವತಿಯಲ್ಲಿ ದೋಣಿಯಲ್ಲಿ ಕುಳಿತು ಬರಿಯ ಕೋಲಿನಿಂದ ನೀರು ತಳ್ಳಿದರೆ ತೋಳು ಸೋಲುತ್ತದೆ, ದೋಣಿ ಅಲುಗುವುದಿಲ್ಲ. ಕೋಲಿನ ತುದಿಗೆ ಹಲಗೆ ಬಂದು ಅದು ಹುಟ್ಟು ಆಯಿತೋ, ಅದೇ ತೋಳಿಗೆ ನೀರು ಸಿಕ್ಕುತ್ತದೆ. ಸಾಮಾನ್ಯ ಡಬ್ಬಿ ಸ್ಪೀಕರಿನ ಕಾಗದದ ಶಂಕು ಗಾಳಿಯಲ್ಲಿ ಬರಿಯ ಕೋಲು. ಗಾಳಿ ತೀರ ಹಗುರ. ಶಂಕು ಎಷ್ಟು ಅಲುಗಿದರೂ ಬಹುಪಾಲು ಶ್ರಮ ಜಾರಿಹೋಗುತ್ತದೆ. ಕೊಂಬು ಗಾಳಿಯನ್ನು ಒಂದು ಕಡೆ ಹಿಡಿದು, ಒತ್ತಡ ಕೊಟ್ಟು, ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ.

ಇದರ ಲೆಕ್ಕ ಕೇಳಿದರೆ ಆಶ್ಚರ್ಯವಾಗುತ್ತದೆ. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಇರುತ್ತದೆ: 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಎಂದು. ಅಂಗಡಿಯಲ್ಲಿ ಕಾಣುವ ಚೆಂದದ ತೆಳ್ಳಗಿನ ಸ್ಪೀಕರುಗಳು ಸಾಮಾನ್ಯವಾಗಿ 85ರಿಂದ 88ರ ಒಳಗೆ. 88 ಡೆಸಿಬಲ್ ಎಂದರೆ ನೂರು ವ್ಯಾಟ್ ಕರೆಂಟಿನಲ್ಲಿ ಅರ್ಧ ವ್ಯಾಟೂ ಶಬ್ದವಾಗುವುದಿಲ್ಲ; ಉಳಿದದ್ದೆಲ್ಲ ಒಳಗಿನ ವಾಯ್ಸ್ ಕಾಯಿಲ್ ಎಂಬ ತಂತಿಯ ಸುರುಳಿಯನ್ನು ಬಿಸಿ ಮಾಡಿ ಮುಗಿಯುತ್ತದೆ. 3 ಡೆಸಿಬಲ್ ಹೆಚ್ಚು ಬೇಕೆಂದರೆ ವ್ಯಾಟ್ ಎರಡು ಪಟ್ಟು, 10 ಡೆಸಿಬಲ್ ಬೇಕೆಂದರೆ ಹತ್ತು ಪಟ್ಟು. ಹಾಗಾಗಿ 98 ಡೆಸಿಬಲಿನ ಹಾರ್ನ್ ಸ್ಪೀಕರ್ 1 ವ್ಯಾಟಿನಲ್ಲಿ ಮಾಡುವ ಕೆಲಸಕ್ಕೆ 88ರದ್ದು 10 ವ್ಯಾಟ್ ಕೇಳುತ್ತದೆ.

“ಅದಕ್ಕೇನು, ಈಗ ವ್ಯಾಟ್ ಅಗ್ಗ ಅಲ್ವಾ?” ಎಂದು ಸ್ನೇಹಿತರು ಕೇಳಿದರು. ಒಳ್ಳೆಯ ಪ್ರಶ್ನೆ. ಕರೆಂಟ್ ಬಿಲ್ಲಿನ ಉಳಿತಾಯಕ್ಕಾಗಿ ಯಾರೂ ಹಾರ್ನ್ ಕೊಳ್ಳಬೇಕಾಗಿಲ್ಲ. ವಿಷಯ ಇರುವುದು ಚೆಂಡೆಯಲ್ಲಿ. ಯಕ್ಷಗಾನದ ಒಂದು ಒಳ್ಳೆಯ ಧ್ವನಿಮುದ್ರಣ ಹಾಕಿ. ಬಲಿಪ ನಾರಾಯಣ ಭಾಗವತರ ಏರು ಶ್ರುತಿಯ ಪದ್ಯ ನಡೆಯುತ್ತಿದೆ, ಅದಕ್ಕೆ ಸರಾಸರಿ ಅರ್ಧ ವ್ಯಾಟ್ ಸಾಕೆಂದು ಇಟ್ಟುಕೊಳ್ಳಿ. ಪದ್ಯದ ಕೊನೆಗೆ ಚೆಂಡೆಯ ಪೆಟ್ಟು ಬಿದ್ದು 20 ಡೆಸಿಬಲ್ ಮೇಲೆ ಹಾರಿದರೆ ಆ ಕ್ಷಣಕ್ಕೆ ಬೇಕಾಗುವುದು 50 ವ್ಯಾಟ್. ಸಾಮಾನ್ಯ ಸ್ಪೀಕರಿನ ಕಾಯಿಲ್ ಕಾದು, ಅದರ ತಡೆ ಹೆಚ್ಚಾಗಿ, ಪೆಟ್ಟು ಇದ್ದಷ್ಟು ಎತ್ತರಕ್ಕೆ ಏರುವುದೇ ಇಲ್ಲ. ಚೆಂಡೆ ಯಾರೋ ತಲೆದಿಂಬಿನ ಮೇಲೆ ಬಡಿದ ಹಾಗೆ ಕೇಳುತ್ತದೆ. ಹಾರ್ನಿಗೆ ಅದೇ ಪೆಟ್ಟಿಗೆ 5 ವ್ಯಾಟ್ ಸಾಕು. ಅದರ ತೆಳು ಪೊರೆ ಕೂದಲೆಳೆಯಷ್ಟು ಅಲುಗುತ್ತದೆ, ಅಷ್ಟೆ. ಅಲುಗಾಟ ಕಡಿಮೆಯಾದಷ್ಟೂ ವಿಕಾರ ಕಡಿಮೆ. ದಕ್ಷತೆ ಹೆಚ್ಚಿದಂತೆ ಸ್ವರದ ವಿಕಾರ ಇಳಿಯುತ್ತದೆ ಎಂದು ಕ್ಲಿಪ್ಷ್ ಬದುಕಿಡೀ ವಾದಿಸಿದ್ದು ಇದನ್ನೇ. ಮೆಲ್ಲಗೆ ಇಟ್ಟಾಗಲೂ ಚೆಂಡೆ ಚೆಂಡೆಯಾಗಿಯೇ, ಮೃದಂಗದ ಛಾಪು ಛಾಪಾಗಿಯೇ ಕೇಳುವ ಜೀವಂತಿಕೆ ಇದರಿಂದ ಬರುತ್ತದೆ.

ಹೀಗಿದ್ದೂ ಹಾರ್ನ್ ಮನೆಗಳಿಂದ ದೂರ ಉಳಿದದ್ದೇಕೆ? ಅದಕ್ಕೆ ಸಿನಿಮಾದ ಕಥೆ ಹೇಳಬೇಕು. 1931ರಲ್ಲಿ ಆಲಂ ಆರಾ, 1934ರಲ್ಲಿ ಸತಿ ಸುಲೋಚನ ಬಂದ ಕಾಲಕ್ಕೆ ಆಂಪ್ಲಿಫೈಯರ್ ಎಂದರೆ ಗಾಜಿನ ವಾಲ್ವುಗಳದ್ದು. ಕೊಡುತ್ತಿದ್ದುದು ಕೆಲವೇ ವ್ಯಾಟ್. ಅಷ್ಟರಲ್ಲೇ ಸಾವಿರ ಜನರ ಟಾಕೀಸನ್ನು ತುಂಬಬೇಕು. ದಾರಿ ಒಂದೇ, ಪರದೆಯ ಹಿಂದೆ ಆಳೆತ್ತರದ ಕೊಂಬುಗಳು. ಸಿನಿಮಾ ಪರದೆಯ ಹತ್ತಿರ ಹೋಗಿ ನೋಡಿದವರಿಗೆ ಗೊತ್ತು, ಅದರ ತುಂಬ ಸೂಜಿಯ ಮೊನೆಯಷ್ಟು ತೂತುಗಳಿರುತ್ತವೆ. ಹಿಂದಿನ ಶಬ್ದ ಮುಂದೆ ಬರಲೆಂದು. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ 1940ರ ದಶಕದಲ್ಲಿ ಮಾಡಿದ ‘ವಾಯ್ಸ್ ಆಫ್ ದ ಥಿಯೇಟರ್’ ಸರಣಿ ಲೋಕದ ಟಾಕೀಸುಗಳಿಗೆ ಮಾದರಿಯಾಯಿತು. ನಾವು ಮಂಗಳೂರಿನಲ್ಲಿ ರಾಜಕುಮಾರರ ದನಿ ಮೊದಲು ಕೇಳಿದ್ದೂ ಕೊಂಬಿನ ಬಾಯಿಂದಲೇ. ಜ್ಯೋತಿ ಟಾಕೀಸು ಹೋಯಿತು, ಬಸ್ಸಿನ ಕಂಡಕ್ಟರು ಇನ್ನೂ “ಜ್ಯೋತಿ, ಜ್ಯೋತಿ” ಎಂದೇ ಕೂಗುತ್ತಾರೆ. ಆ ಹಾಲಿನಲ್ಲಿ ಮಾತು ಎದೆಗೆ ತಾಗುತ್ತಿದ್ದ ಬಗೆಯನ್ನು ನೆನೆಸುವವರು ಈಗಲೂ ಸಿಗುತ್ತಾರೆ.

ಆಮೇಲೆ ಎರಡು ಸಂಗತಿ ಒಟ್ಟಿಗೆ ನಡೆದವು. 1954ರಲ್ಲಿ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ಕಟ್ಟಿ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ದೊಡ್ಡ ಮಂದ್ರ ಹೊರಡಿಸಿ ತೋರಿಸಿದ. ಅದಕ್ಕೆ ವ್ಯಾಟ್ ಹೆಚ್ಚು ಬೇಕಾಯಿತು. ಟ್ರಾನ್ಸಿಸ್ಟರ್ ಬಂದು ವ್ಯಾಟನ್ನು ಅಗ್ಗವಾಗಿ ಕೊಟ್ಟಿತು. ಮನೆಯವರಿಗೂ ಹಾಲು ತೆರವಾಯಿತೆಂದು ಸಮಾಧಾನ. ಸಣ್ಣ ಪೆಟ್ಟಿಗೆ, ಆಳದ ಮಂದ್ರ, ಹೆಚ್ಚಿನ ದಕ್ಷತೆ, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ ಎಂಬುದು ಹಾಫ್‌ಮನ್ ಎಂಬ ಸ್ಪೀಕರ್ ತಜ್ಞ ಹೇಳಿದ ನಿಯಮ. ಲೋಕ ಮೊದಲಿನ ಎರಡನ್ನು ಆರಿಸಿಕೊಂಡಿತು. ಮೂರನೆಯದನ್ನು ಬಯಸುವವರು ಮೊದಲನೆಯದನ್ನು ಬಿಡಬೇಕು, ಅಂದರೆ ಜಾಗ ಕೊಡಬೇಕು.

ಹಾಗಾಗಿ ಆಯ್ಕೆ ಅಂಗಡಿಯಲ್ಲಿ ಶುರುವಾಗುವುದಲ್ಲ, ಮನೆಯ ಹಾಲಿನಲ್ಲಿ ಅಳತೆ ಟೇಪು ಹಿಡಿದು ಶುರುವಾಗಬೇಕು.

40 ಹರ್ಟ್ಸಿನ ಮಂದ್ರ ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟೂವರೆ ಮೀಟರ್ ಉದ್ದ. ಆ ಸ್ವರವನ್ನು ಸರಿಯಾಗಿ ಹೊರಡಿಸುವ ಕೊಂಬಿನ ಬಾಯಿಯ ಸುತ್ತಳತೆಯೂ ಸುಮಾರು ಅಷ್ಟೇ ಇರಬೇಕು. ಎಂದರೆ ಬಾಯಿಯ ಅಗಲ ಎರಡೂಮುಕ್ಕಾಲು ಮೀಟರ್. ಅದು ಯಾವ ಮನೆಯ ಬಾಗಿಲಲ್ಲೂ ಹಿಡಿಸುವುದಿಲ್ಲ. ಕ್ಲಿಪ್ಷ್ ಇಲ್ಲೊಂದು ಉಪಾಯ ಕಂಡ: ಸ್ಪೀಕರನ್ನು ಕೋಣೆಯ ಮೂಲೆಯಲ್ಲಿ ಇಟ್ಟು, ಎರಡು ಗೋಡೆ ಮತ್ತು ನೆಲವನ್ನೇ ಕೊಂಬಿನ ಮುಂದುವರಿಕೆ ಮಾಡಿದ. ಅದೇ ಕ್ಲಿಪ್ಷ್‌ಹಾರ್ನ್, ಮೂಲೆಯ ಸಹಾಯದಿಂದ ಬಾಯಿ ಎಂಟನೇ ಒಂದು ಪಾಲಿಗೆ ಇಳಿಯಿತು. ಅದಕ್ಕೆ ಒಂದೇ ಗೋಡೆಯ ಎರಡು ತುದಿಗೆ ಎರಡು ಖಾಲಿ ಮೂಲೆ ಬೇಕು. ನಮ್ಮ ಕಡೆ ಗಾಳಿ ಆಡಲೆಂದು ಮೂಲೆಗೆ ಒತ್ತಿಯೇ ಕಿಟಕಿ ಬಾಗಿಲು ಇಡುವುದು ವಾಡಿಕೆ. ಅಂಥ ಜೋಡಿ ಮೂಲೆ ಸಿಕ್ಕುವ ಮನೆ ವಿರಳ.

ಬಹುತೇಕ ಮನೆಗಳಿಗೆ ಹೊಂದುವುದು ಮಧ್ಯದ ದಾರಿ. ಮಂದ್ರವನ್ನು ದೊಡ್ಡ ಕಾಗದದ ಶಂಕು ನೋಡಿಕೊಳ್ಳಲಿ, ಸುಮಾರು 500ರಿಂದ 800 ಹರ್ಟ್ಸಿನ ಮೇಲಿನದನ್ನು ಕೊಂಬು ನೋಡಿಕೊಳ್ಳಲಿ. 500 ಹರ್ಟ್ಸಿಗೆ ಬಾಯಿ ಒಂದು ಗೇಣು ಅಗಲವಿದ್ದರೆ ಸಾಕು. ಕ್ಲಿಪ್ಷ್ ಕಂಪನಿಯದೇ 1957ರ ಹೆರೆಸಿ, 1959ರ ಕಾರ್ನ್‌ವಾಲ್ ಈ ಜಾತಿಯವು, ಇವತ್ತಿಗೂ ತಯಾರಾಗುತ್ತಿವೆ. ನಡುವೆ 1963ರ ಲಾ ಸ್ಕಾಲಾ ಎಂಬುದೊಂದುಂಟು. ಆರ್ಕನ್ಸಾಸಿನಲ್ಲಿ ಗವರ್ನರ್ ಚುನಾವಣೆಗೆ ನಿಂತ ವಿನ್‌ಥ್ರಾಪ್ ರಾಕ್‌ಫೆಲರ್ ಅವರ ಪ್ರಚಾರ ಭಾಷಣಕ್ಕೆ ಬಳಕೆಯಾದ ಮೈಕ್ ಸೆಟ್ ಅದು. ನಮ್ಮ ರಿಕ್ಷಾದ ಮೇಲಿನ ಕೊಂಬಿನ ದಾಯಾದಿ ಎನ್ನಬಹುದು. ಈಗ ಜನ ಅದನ್ನು ಹಾಲಿನಲ್ಲಿಟ್ಟು ಶಾಸ್ತ್ರೀಯ ಸಂಗೀತ ಕೇಳುತ್ತಾರೆ.

ಕೋಣೆಯ ಸ್ವಭಾವವೂ ಮುಖ್ಯ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಮನೆ ಎಂದರೆ ಕೆಂಪುಕಲ್ಲಿನ ಗೋಡೆ, ಇಳಿಜಾರು ಹಂಚಿನ ಮಾಡು. ಅಂಥ ಹಳೆಯ ಮನೆ ನಿಮ್ಮ ಪಾಲಿಗೆ ಉಳಿದಿದ್ದರೆ ನೀವು ಪುಣ್ಯವಂತರು. ಮಾಡು ಎತ್ತರ, ಓರೆ, ಹಂಚಿನ ಸಂದುಗಳಲ್ಲಿ ಮಂದ್ರದ ಅಲೆಗಳು ಹೊರಗೆ ಹೋಗಿಬಿಡುತ್ತವೆ, ಗುಂಯ್‌ಗುಡುವಿಕೆ ಇರುವುದಿಲ್ಲ. ಅಲ್ಲಿಗೆ ಹದಿನೈದು ಇಂಚಿನ ಶಂಕಿರುವ ದೊಡ್ಡ ಪೆಟ್ಟಿಗೆಯೇ ಸರಿ. ಕದ್ರಿ, ಬೆಂದೂರು, ಬೆಜೈ ಕಡೆಯ ಹೊಸ ಫ್ಲ್ಯಾಟುಗಳದ್ದು ಬೇರೆಯೇ ಕಷ್ಟ. ನೆಲಕ್ಕೆ ಹೊಳೆಯುವ ಟೈಲ್ಸ್, ಮೇಲೆ ಕಾಂಕ್ರೀಟು, ಒಂದು ಬದಿಗೆ ಪೂರ್ತಿ ಗಾಜು. ಚಪ್ಪಾಳೆ ತಟ್ಟಿದರೆ ಅದು ನಾಲ್ಕು ಸಲ ತಿರುಗಿ ಬರುತ್ತದೆ. ಇಂಥ ಕೋಣೆಯಲ್ಲಿ ಹಾರ್ನ್ ಇನ್ನಷ್ಟು ಹಿತ, ಯಾಕೆಂದರೆ ಅದು ಸ್ವರವನ್ನು ಸುತ್ತ ಚೆಲ್ಲದೆ ಕುಳಿತವರ ಕಡೆಗೆ ಮುಖಮಾಡಿ ಕಳಿಸುತ್ತದೆ. ಗೋಡೆ ಮಾಡಿಗೆ ಹೋಗಿ ಮರಳುವ ಪಾಲು ಕಡಿಮೆ. ಆದರೆ ಕೇಳುವವರು ಸ್ಪೀಕರಿನಿಂದ ಎರಡೂವರೆ ಮೂರು ಮೀಟರ್ ದೂರ ಕೂರಲೇಬೇಕು, ಇಲ್ಲವಾದರೆ ಕೊಂಬಿನ ಸ್ವರ ಬೇರೆ, ಶಂಕಿನ ಸ್ವರ ಬೇರೆ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಹತ್ತಡಿ ಕೋಣೆಯವರಿಗೆ ನಾನು ಹಾರ್ನ್ ಬೇಡ ಎಂದೇ ಹೇಳುತ್ತೇನೆ.

ಮತ್ತೆ ನಮ್ಮ ಮಳೆ. ಬೆಂಗಳೂರಿನವರು ಬರೆದ ಸಲಹೆ ಓದಿ ಸ್ಪೀಕರ್ ಕೊಳ್ಳುವ ಮಂಗಳೂರಿನವರು ಈ ಒಂದು ವಿಷಯದಲ್ಲಿ ಎಚ್ಚರವಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಊರು ಇದು. ಶಂಕಿನ ಅಂಚಿಗೆ ಫೋಮ್ ಇರುವ ಸ್ಪೀಕರ್ ಬೇಡವೇ ಬೇಡ. ತೇವಕ್ಕೆ ಆ ಫೋಮ್ ಕೆಲವು ವರ್ಷದಲ್ಲೇ ಪುಡಿಪುಡಿಯಾಗಿ ಉದುರುತ್ತದೆ. ಹಳೆಯ ಟಾಕೀಸಿನ ಸ್ಪೀಕರುಗಳಿಗೆ ಇದ್ದಂಥ, ನೆರಿಗೆ ಹಿಡಿದ ಬಟ್ಟೆಯ ಅಂಚು ದಶಕಗಟ್ಟಲೆ ಬಾಳುತ್ತದೆ. ಹಾರ್ನಿನೊಳಗೆ ಸ್ವರ ಹುಟ್ಟಿಸುವ ಕಂಪ್ರೆಶನ್ ಡ್ರೈವರಿನ ಪೊರೆ ಅಲ್ಯೂಮಿನಿಯಂ, ಟೈಟಾನಿಯಂ ಅಥವಾ ಫೀನಾಲಿಕ್. ಅವಕ್ಕೆ ತೇವದ ಭಯ ಕಡಿಮೆ. ಪೆಟ್ಟಿಗೆ ಮರದ ಹುಡಿ ಒತ್ತಿ ಮಾಡಿದ ಹಲಗೆಯದಾದರೆ ಕೆಳಗಿನ ಅಂಚು ಉಬ್ಬುತ್ತದೆ. ಪ್ಲೈವುಡ್ ಕೇಳಿ ತೆಗೆದುಕೊಳ್ಳಿ. ಆಚಾರಿಯವರಿಂದ ಮಾಡಿಸುವುದಾದರೆ ಮೆರೈನ್ ಪ್ಲೈ ನಮ್ಮ ಬಂದರಿನ ಊರಿನಲ್ಲಿ ಸುಲಭವಾಗಿ ಸಿಗುತ್ತದೆ. ಕೊಂಬಿಗೆ ಹಲಸಿನ ಮರ ಸೊಗಸು. ಚೆಂಡೆ ಮದ್ದಳೆಗಳಿಗೆ ಹಿರಿಯರು ಅದನ್ನೇ ಆರಿಸಿದ್ದು ಸುಮ್ಮನೆ ಅಲ್ಲ.

ಮಾಡಿಸುವುದಂತೂ ಒಳ್ಳೆಯ ದಾರಿ. ವಿದೇಶದ ದೊಡ್ಡ ಹೆಸರಿನ ಜೋಡಿಗೆ ಲಕ್ಷಗಳಲ್ಲಿ ಬೆಲೆ. ಹದಿನೈದು ಇಂಚಿನ ಶಂಕು, ಒಳ್ಳೆಯ ಕಂಪ್ರೆಶನ್ ಡ್ರೈವರ್, ಕೊಂಬು, ಶಂಕು ಕೊಂಬುಗಳನ್ನು ಬೆಸೆಯುವ ಕ್ರಾಸ್‌ಓವರ್ ಇಷ್ಟಿದ್ದರೆ ಟಾಕೀಸಿನ ಮಾದರಿ ಮನೆಗೆ ಬಂದ ಹಾಗೆ. ಮೈಕ್ ಸೆಟ್ಟಿನವರ ಅಂಗಡಿಯಲ್ಲಿ ಸಿಗುವ ಮಾತಿನ ಯುನಿಟ್ಟನ್ನು ಮಾತ್ರ ಇದಕ್ಕೆ ಹಾಕಬಾರದು. ಕ್ರಾಸ್‌ಓವರಿಗೆ ಹಣ ಉಳಿಸಲೂಬಾರದು. ಕೊಂಬು ಮತ್ತು ಶಂಕು ಜಗಳವಾಡುವುದು ಅಲ್ಲೇ.

ಇನ್ನು ಅಂಕಿಗಳನ್ನು ಓದುವ ಬಗ್ಗೆ. ಕಂಪನಿಯವರು ಬರೆದ ಸೆನ್ಸಿಟಿವಿಟಿಯಲ್ಲಿ ಕೋಣೆಯ ಗೋಡೆಗಳ ಸಹಾಯವೂ ಸೇರಿರುವುದುಂಟು. ಇನ್ನು ಕೆಲವರು 1 ವ್ಯಾಟ್ ಎನ್ನದೆ 2.83 ವೋಲ್ಟ್ ಎನ್ನುತ್ತಾರೆ; ಸ್ಪೀಕರ್ 8 ಓಮಿನದಾದರೆ ಅದು 1 ವ್ಯಾಟೇ, 4 ಓಮಿನದಾದರೆ 2 ವ್ಯಾಟ್. ಕಾಗದದಲ್ಲಿ 3 ಡೆಸಿಬಲ್ ಪುಕ್ಕಟೆ ಏರಿದಂತೆ ಕಾಣುತ್ತದೆ. ಹಾಗಾಗಿ 99 ಎಂದಿದ್ದರೆ 95 ಎಂದು ಓದಿಕೊಳ್ಳಿ, ನಿರಾಸೆ ಇರುವುದಿಲ್ಲ. 95 ಕೂಡ ಮನೆಗೆ ಧಾರಾಳ.

ಆಂಪ್ಲಿಫೈಯರ್ ಕೊನೆಗೆ. ಜನ ಇದನ್ನೇ ಮೊದಲು ಕೊಂಡು, ನೂರೈವತ್ತು ವ್ಯಾಟ್ ಇದೆ ಎಂದು ಬೀಗುತ್ತಾರೆ. ಹಾರ್ನಿಗೆ ಬೇಕಾದದ್ದು ಮೊದಲಿನ ಒಂದು ವ್ಯಾಟಿನ ಗುಣ. 300ಬಿ ಎಂಬ ಹೆಸರುವಾಸಿ ವಾಲ್ವು ಒಂಟಿಯಾಗಿ ಕೊಡುವುದು ಸುಮಾರು 8 ವ್ಯಾಟ್, 2ಎ3 ಎಂಬುದು ಮೂರೂವರೆ. ಇವುಗಳಲ್ಲಿ ಸಂಗೀತ ಕೇಳುವ ಭಾಗ್ಯ ದಕ್ಷತೆ ಹೆಚ್ಚಿರುವ ಸ್ಪೀಕರಿದ್ದವರಿಗಷ್ಟೇ. ಟ್ರಾನ್ಸಿಸ್ಟರಿನದಾದರೂ ತಪ್ಪಿಲ್ಲ, ಆದರೆ ನಿಶ್ಶಬ್ದವಾಗಿರಬೇಕು. ಹಾಡನ್ನು ವರ್ಧಿಸುವ ಕೊಂಬು ಆಂಪ್ಲಿಫೈಯರಿನ ಹಿಸ್ಸನ್ನೂ, ಕರೆಂಟಿನ ಗುಂಯ್ ಎಂಬ ಸದ್ದನ್ನೂ ಅಷ್ಟೇ ನಿಷ್ಠೆಯಿಂದ ವರ್ಧಿಸುತ್ತದೆ. ಹಾಡು ಹಾಕದೆ ಕೊಂಬಿನ ಬಾಯಿಗೆ ಕಿವಿ ಕೊಟ್ಟು ನೋಡಿ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರೀಶಿಯನ್ನರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಅಂಗಡಿಯಲ್ಲಿ ಏನು ಕೇಳಬೇಕು? ಅವರು ಹಾಕುವ ಢಂಢಂ ಎನ್ನುವ ಹಾಡನ್ನು ನಿಲ್ಲಿಸಲು ಹೇಳಿ. ಮೊದಲು ಒಬ್ಬ ಗಂಡಸಿನ ಮಾತು ಕೇಳಿ. ತಾಳಮದ್ದಳೆಯ ಅರ್ಥಗಾರಿಕೆಯ ಧ್ವನಿಮುದ್ರಣ ಇದಕ್ಕೆ ಶ್ರೇಷ್ಠ. ಆಕಾಶವಾಣಿ ಮಂಗಳೂರು 1976ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ನಮ್ಮ ಕಿವಿಗೆ ಆ ದನಿಗಳು ಎಷ್ಟು ಪರಿಚಿತವೆಂದರೆ ಕೊಂಚ ವ್ಯತ್ಯಾಸವಾದರೂ ಗೊತ್ತಾಗುತ್ತದೆ. ನಾಗಸ್ವರದ ಕೊಳವೆಗೆ ತನ್ನದೇ ಸ್ವರ ಇರಬೇಕು, ಅದು ವಾದ್ಯ. ಸ್ಪೀಕರಿನ ಕೊಂಬಿಗೆ ತನ್ನದೆಂಬ ಸ್ವರ ಇರಲೇಬಾರದು. ಮಾತನಾಡುವವರು ಬಾಯಿಗೆ ಎರಡು ಕೈ ಅಡ್ಡ ಹಿಡಿದಂತೆ ಕೇಳಿದರೆ ಆ ಕೊಂಬು ಕೆಟ್ಟದ್ದು, ಎದ್ದು ಬನ್ನಿ. ಆಮೇಲೆ ಸ್ತ್ರೀಯರ ಗಾಯನ, ಆಮೇಲೆ ಕದ್ರಿ ಗೋಪಾಲನಾಥರ ಒಂದು ಆಲಾಪನೆ, ಕೊನೆಗೆ ಚೆಂಡೆ. ಎಲ್ಲವನ್ನೂ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಬಹುದಾದಷ್ಟು ಮೆಲ್ಲಗೆ ಇಟ್ಟು ಕೇಳಿ. ಮೆಲ್ಲಗೆ ಇಟ್ಟಾಗ ಮಂದ್ರ ಸ್ವಲ್ಪ ತೆಳುವೆನಿಸುತ್ತದೆ. ಅದು ಕಿವಿಯ ಸ್ವಭಾವ, ಸ್ಪೀಕರಿನ ತಪ್ಪಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಎಂಬ ಮಿತಿ 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ. ಆ ಮಿತಿಯೊಳಗೆ ಸುಖ ಕೊಡುವ ಸ್ಪೀಕರೇ ನಮಗೆ ಬೇಕಾದ್ದು.

ಬೆಜೈಯ ಸ್ನೇಹಿತರ ಹಾಲು ಹನ್ನೆರಡಕ್ಕೆ ಹದಿನೆಂಟು ಅಡಿ. ಹೆರೆಸಿಯ ಅಳತೆಯ, ಹನ್ನೆರಡು ಇಂಚಿನ ಶಂಕಿರುವ ಜೋಡಿ, ನೆಲದ ಮೇಲೆ ದಪ್ಪ ಜಮಖಾನ, ಗಾಜಿಗೆ ಪರದೆ, ಹತ್ತಿಪ್ಪತ್ತು ವ್ಯಾಟಿನ ಆಂಪ್ಲಿಫೈಯರ್ ಇಷ್ಟನ್ನು ಹೇಳಿದ್ದೇನೆ.

ಹಳೆಯ ಟಾಕೀಸುಗಳ ಮಾಲೀಕರಲ್ಲಿ, ಹಳೆಯ ಮೈಕ್ ಸೆಟ್ಟಿನವರಲ್ಲಿ ಒಂದು ಕೇಳಿಕೆ ಇದೆ. ಕಟ್ಟಡ ಕೆಡಹುವಾಗ ಪರದೆಯ ಹಿಂದಿನ ಕೊಂಬು, ಡ್ರೈವರುಗಳನ್ನು ಗುಜರಿಯವರಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡಬೇಡಿ. ಅವುಗಳ ಅಯಸ್ಕಾಂತ ಇನ್ನೂ ಗಟ್ಟಿ, ಪೊರೆ ಬದಲಿಸಿದರೆ ಇನ್ನೊಂದು ಐವತ್ತು ವರ್ಷ ಹಾಡುತ್ತವೆ. ಒಂದು ತಿಂಗಳು ಗೋದಾಮಿನಲ್ಲಿಟ್ಟು ನಾಲ್ಕು ಜನರಿಗೆ ತಿಳಿಸಿ. ಕೊಳ್ಳುವವರು ಈ ಊರಿನಲ್ಲಿ ಇದ್ದಾರೆ.